ಸೋಸದ ಪೆಟ್ರೋಲು

ಹುಣಸಮಾರನಹಳ್ಳಿಯ ಗಂಗರತ್ನಮ್ಮನಿಗೆ ಈಜು ಬರುವುದಿಲ್ಲ. ಒಂಬತ್ತು ವರ್ಷ ಕೆರೆ ದಂಡೆಯಲ್ಲೇ ದುಡಿದರೂ ಆ ಏಪ್ರಿಲ್ ಭಾನುವಾರದವರೆಗೆ ಅವರು ದೋಣಿಗೆ ಕಾಲಿಟ್ಟವರಲ್ಲ.

ಯಲಹಂಕದಿಂದಾಚೆ, ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡಿರುವ ಕೆರೆಯೊಂದರಲ್ಲಿ ಹಾಯಿದೋಣಿ ಕ್ಲಬ್ಬಿದೆ. ಗಾಳಿ ಇದ್ದಾಗ ದೋಣಿಗಳು ಹಾಯಿಯ ಬಲದಲ್ಲಿ ಓಡುತ್ತವೆ. ಗಾಳಿ ಬಿದ್ದುಹೋದರೆ ದಡ ಸೇರಲೆಂದು ಹಿಂಬದಿಗೆ ಒಂದು ಪುಟ್ಟ ಪೆಟ್ರೋಲ್ ಮೋಟಾರು ಸಿಕ್ಕಿಸಿರುತ್ತಾರೆ. ಗಂಗರತ್ನಮ್ಮನ ಗಂಡ ಬೈರಣ್ಣ ಆ ಮೋಟಾರುಗಳ ಮೆಕ್ಯಾನಿಕ್. ಅವರು ತೀರಿಕೊಂಡಾಗ ಕ್ಲಬ್ಬಿನ ಅಧ್ಯಕ್ಷ ಅನಂತರಾಜು ಗಂಗರತ್ನಮ್ಮನಿಗೆ ಪೆಟ್ರೋಲ್ ಕೋಣೆಯ ಕೆಲಸ ಕೊಟ್ಟ. ಇರಲು ಕ್ಲಬ್ಬಿನ ಹಿಂದಿನ ಒಂದು ರೂಮು ಬಿಟ್ಟುಕೊಟ್ಟ. ಅವನೇನೂ ಹೊರಗಿನವನಲ್ಲ, ಚಿಕ್ಕಪ್ಪನ ಮಗ. ಹೊಲಗಳೆಲ್ಲ ಲೇಔಟ್ ಆದ ಮೇಲೆ ಬಿಲ್ಡರ್ ಆಗಿದ್ದ. ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ತಿರುಗಿದ್ದ ತಮ್ಮನನ್ನು, ಕೆಲಸಕ್ಕೆ ಸೇರಿದ ದಿನದಿಂದ ಗಂಗರತ್ನಮ್ಮ ‘ನೀವು’ ಅನ್ನತೊಡಗಿದರು. ಅವನೂ ಬೇಡ ಅನ್ನಲಿಲ್ಲ.

ಕೆಲಸ ಅವರಿಗೆ ಗೊತ್ತಿತ್ತು. ಬೈರಣ್ಣ ಬದುಕಿದ್ದಾಗ ಸಂಜೆ ಊಟಕ್ಕೆ ಕೂತು ಅದೇ ಮಾತಾಡುತ್ತಿದ್ದರು. “ತುಪ್ಪ ಕಾಯಿಸಿದಂಗೆ ಕಣೆ. ಅವಸರ ಮಾಡಿದ್ರೆ ಗಸಿ ಮೇಲಕ್ಕೆ ಬತ್ತದೆ.” ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮೋಟಾರು ಪೆಟ್ರೋಲು ಹೀರುವುದು ತಳದಿಂದಲೇ. ಅದಕ್ಕೇ ಗಂಗರತ್ನಮ್ಮ ಬಂದ ಪ್ರತಿ ಕ್ಯಾನಿನಿಂದ ಒಂದಿಷ್ಟನ್ನು ಗಾಜಿನ ಜಾಡಿಗೆ ಸುರಿದು ಒಂದು ದಿನ ಬಿಡುತ್ತಿದ್ದರು. ತಳ ತಿಳಿಯಾಗಿದ್ದರೆ ಮಾತ್ರ ಸೋಸಿ ದೋಣಿಗೆ. ತೇವದ ಗಾಳಿ ಒಳಹೋಗದಂತೆ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ತಿರುಪನ್ನು ದಿನವೂ ಬಿಗಿಯುತ್ತಿದ್ದರು, ತಿಂಗಳು ಮೀರಿದ ಪೆಟ್ರೋಲನ್ನು ಮೋಟಾರಿಗೆ ಹಾಕಗೊಡುತ್ತಿರಲಿಲ್ಲ. ತಗಡಿನ ಆ ಕೋಣೆಗೆ ಕಿಟಕಿಗಿಂತ ಚಿಕ್ಕದಾದ ಒಂದು ಜಾಲರಿ ಇತ್ತು. ಬಾಗಲಗುಂಟೆಯಲ್ಲಿರುವ ಮಗಳ ಮನೆಗೆ ಹೋದಾಗ ಮೊಮ್ಮಗಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಎಷ್ಟು ಸೀಗೆಕಾಯಿ ಹಾಕಿ ತಿಕ್ಕಿದರೂ ಕೂದಲಿನಿಂದ ವಾಸನೆ ಹೋಗುತ್ತಿರಲಿಲ್ಲ.

ಆ ಭಾನುವಾರ ಅನಂತರಾಜು ಎಂಟು ಗಂಟೆಗೇ ಬಂದ. ಮುಂದಿನ ವಾರ ಕ್ಲಬ್ಬು ನೋಡಲು ಹೊರಗಿನಿಂದ ತಂಡವೊಂದು ಬರುವುದಿತ್ತು. ಅದಕ್ಕೆ ಮುಂಚೆ ದೊಡ್ಡ ದೋಣಿಯನ್ನು ತಾನೇ ಒಂದು ಸುತ್ತು ಓಡಿಸಿ ನೋಡಬೇಕೆಂಬ ಆಸೆ ಅವನದು. ಸೋಸಿಟ್ಟಿದ್ದ ಪೆಟ್ರೋಲು ಮುಗಿದಿತ್ತು. ಅವನ ಡ್ರೈವರು ಆಗಷ್ಟೇ ತಂದ ಕ್ಯಾನಿನ ಮುಚ್ಚಳ ತೆಗೆದು ಗಂಗರತ್ನಮ್ಮ ಒಳಗೆ ನೋಡಿ ಪಕ್ಕಕ್ಕಿಟ್ಟರು.

“ಕ್ಯಾನ್ ತೊಳೆದು ಒಣಗಿಸಿಲ್ಲ. ಒಳಗಡೆ ಇನ್ನೂ ನೀರಿನ ಪಸೆ ಐತೆ. ನಾಳೆ ಕೊಡ್ತೀನಿ.”

“ಅಕ್ಕಾ, ಒಂದು ಗಂಟೆ ರೌಂಡ್ ಅಷ್ಟೇ. ಅದರಲ್ಲೂ ಗಾಳಿ ಇದೆ, ಮೋಟ್ರೇ ಬೇಕಾಗಲ್ಲ.”

“ಗಾಳಿ ನಂಬಕ್ಕಾಗಲ್ಲ. ಬ್ಯಾಡಿ.”

ಅವನು ನಕ್ಕ. ಕಾವಲುಗಾರ ಸಂಗಪ್ಪನನ್ನು ಕರೆದು ದೊಡ್ಡ ದೋಣಿಗೂ, ಅಪಾಯದ ಹೊತ್ತಿಗೆಂದು ಇಟ್ಟ ಚಿಕ್ಕ ದೋಣಿಗೂ ಅದೇ ಕ್ಯಾನಿನಿಂದ ಪೆಟ್ರೋಲ್ ಹಾಕಿಸಿದ. “ಅಷ್ಟು ಅನುಮಾನ ಇದ್ರೆ ನೀನೂ ಬಾ, ಜೊತೆಗೇ ನೋಡ್ಕೋ” ಅಂದ. ಅದು ತಮಾಷೆಯೋ ಅಪ್ಪಣೆಯೋ ತಿಳಿಯಲಿಲ್ಲ. ಎಲ್ಲರೂ ನೋಡುತ್ತಿದ್ದರು. ದೋಣಿ ನಡೆಸುವುದನ್ನು ಕಲಿಸುವ ಆತಿಫ್, ಆರ್.ಟಿ. ನಗರದ ಹುಡುಗ, ಅವರಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕಟ್ಟಿ ಕೈ ಹಿಡಿದು ಹತ್ತಿಸಿದ.

ಹೊರಡುವಾಗಲೇ ಹತ್ತಾಗಿತ್ತು. ಹತ್ತೂವರೆಗೆ ಗಾಳಿ ಬಿದ್ದುಹೋಯಿತು. ಹಾಯಿ ಒಣಹಾಕಿದ ಪಂಚೆಯಂತೆ ಜೋಲಿತು. ಅಷ್ಟರಲ್ಲಿ ಅವರು ಕೆರೆಯ ನಡುವೆ ಇದ್ದರು. ಬೆಳಿಗ್ಗೆಯ ಗಾಳಿ ಅತ್ತಲೇ ತಳ್ಳಿದ್ದ ಅಂತರಗಂಗೆಯ, ನೀರ ಮೇಲೆ ತೇಲುವ ಆ ಗಿಡಗಳ, ಹಸಿರು ಮಂದೆ ದೋಣಿಯ ಸುತ್ತ ಕೂಡಿಕೊಳ್ಳುತ್ತಿತ್ತು. ಆತಿಫ್ ಮೋಟಾರಿನ ಹಗ್ಗ ಎಳೆದ. ಪೈಪಿನಲ್ಲಿ ಉಳಿದಿದ್ದ ಹಳೆಯ ಪೆಟ್ರೋಲಿನ ಮೇಲೆ ಅದು ಎರಡು ನಿಮಿಷ ಓಡಿ, ಕೆಮ್ಮಿ, ನಿಂತುಹೋಯಿತು. ಮತ್ತೆ ಎಷ್ಟು ಎಳೆದರೂ ಅಲುಗಲಿಲ್ಲ. ಫೋನ್ ಮಾಡಿದ ಮೇಲೆ ಸಂಗಪ್ಪ ಚಿಕ್ಕ ದೋಣಿ ತೆಗೆದುಕೊಂಡು ಹೊರಟ. ನೂರು ಗಜ ಬರುವಷ್ಟರಲ್ಲಿ ಅದರ ಮೋಟಾರೂ ಸತ್ತಿತು. ಅವನು ಹುಟ್ಟು ಹಾಕಿಕೊಂಡು ದಡಕ್ಕೆ ವಾಪಸ್ಸಾದ. ಅಂತರಗಂಗೆಯೊಳಗೆ ಹುಟ್ಟು ನಡೆಯುವುದಿಲ್ಲ; ಆತಿಫ್ ಹಾಕಿ ನೋಡಿದ, ಬೇರುಗಳ ಗಂಟಿನಲ್ಲಿ ಹುಟ್ಟೇ ಸಿಕ್ಕಿಕೊಂಡಿತು.

“ಸರ್, ಫೈರ್ ಸ್ಟೇಷನ್‌ಗೆ ಫೋನ್ ಮಾಡೋಣ” ಅಂದ ಆತಿಫ್.

“ಹುಚ್ಚೇನೋ? ಅರ್ಧ ಗಂಟೇಲಿ ಮೊಬೈಲ್ ಹಿಡ್ಕೊಂಡು ಊರೆಲ್ಲ ದಂಡೇಲಿ ನಿಂತಿರುತ್ತೆ. ಮುಂದಿನ ವಾರ ಅವರು ಬರೋದಿದೆ. ಗಾಳಿ ಬರುತ್ತೆ, ಸುಮ್ನಿರು.”

ಗಾಳಿ ಬರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಏರ್‌ಪೋರ್ಟ್ ರಸ್ತೆಯ ಮೇಲೆ ಬಸ್ಸುಗಳು ಹೋಗುವುದು ಕಾಣುತ್ತಿತ್ತು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಹೆಂಗಸೊಬ್ಬಳು ಬಟ್ಟೆ ಹರವಿ ಒಳಗೆ ಹೋದಳು. ಕೂಗಿದರೆ ಕೇಳಿಸುವಷ್ಟು ಹತ್ತಿರ. ಆದರೆ ಅನಂತರಾಜು ಕೂಗಗೊಡಲಿಲ್ಲ. ಗಂಗರತ್ನಮ್ಮ ಅಲುಗಾಡದೆ ದೋಣಿಯ ಅಂಚನ್ನು ಹಿಡಿದು ಕೂತಿದ್ದರು. ಬೆಳಿಗ್ಗೆಯಿಂದ ಅವರು ಬಚ್ಚಲಿಗೆ ಹೋಗಿರಲಿಲ್ಲ. ಇಬ್ಬರು ಗಂಡಸರ ನಡುವೆ, ಎರಡು ಮಾರು ಜಾಗದಲ್ಲಿ, ಆ ಮಾತನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದಂತಾಗಿತ್ತು. ಬಿಸಿಲಿಗಿಂತ, ನೀರಿನ ಭಯಕ್ಕಿಂತ ಅದೇ ಹೆಚ್ಚಾಗಿ ಹಿಂಸೆ ಕೊಟ್ಟಿತು.

ಒಂದೂವರೆಗೆ ಅನಂತರಾಜು ಬೇಸರಕ್ಕೆ ಸಿಗರೇಟು ತೆಗೆದು ಬಾಯಿಗಿಟ್ಟ. ಟ್ಯಾಂಕು ಅವನ ಕಾಲ ಬಳಿಯೇ ಇತ್ತು.

“ಏಯ್ ರಾಜು! ಬಿಸಾಕು ಅದನ್ನ!”

ಒಂಬತ್ತು ವರ್ಷದಲ್ಲಿ ಮೊದಲ ಸಲ ಗಂಗರತ್ನಮ್ಮನ ಬಾಯಿಂದ ಚಿಕ್ಕಂದಿನ ಆ ಹೆಸರು ಬಂದಿತ್ತು. ಅವನು ಬೆಚ್ಚಿ ಸಿಗರೇಟನ್ನು ನೀರಿಗೆಸೆದ.

“ಆ ಬಾಟ್ಲಿ ನೀರೆಲ್ಲ ಕುಡ್ದು ಖಾಲಿ ಮಾಡ್ರಿ ಇಬ್ರೂ. ಆತಿಫ್, ಟ್ಯಾಂಕ್ ಇತ್ಲಾಗ್ ಕೊಡು.”

ಮೂರು ಬಾಟಲಿಗಳಿದ್ದವು. ಸೆರಗಿನ ತುದಿಯನ್ನು ಒಳಗೆ ತುರುಕಿ, ದೋಣಿಯಲ್ಲಿದ್ದ ತೆಳುವಾದ ಕಡ್ಡಿಯೊಂದರಿಂದ ಒತ್ತಿ, ಒಂದೊಂದನ್ನೂ ಒರೆಸಿ ಬಿಸಿಲಿಗಿಟ್ಟರು. ಒಣಗಿದ ಮೇಲೆ, ಟ್ಯಾಂಕಿನ ಪೈಪಿನಲ್ಲಿರುವ ರಬ್ಬರ್ ಉಂಡೆಯನ್ನು ಆತಿಫ್ ಒತ್ತುತ್ತಾ ಹೋದ, ಪೆಟ್ರೋಲು ಬಾಟಲಿಗಿಳಿಯಿತು. ಮೊದಲ ಬಾಟಲಿ ಪೂರ್ತಿ ಕದಡಿತ್ತು, ಅಕ್ಕಿ ತೊಳೆದ ನೀರಿನ ಹಾಗೆ. ಅದನ್ನು ದೋಣಿಯ ನೀರು ಮೊಗೆಯುವ ಬಕೆಟ್ಟಿಗೆ ಸುರಿಸಿದರು. ಆಮೇಲೆ ಮೂರನ್ನೂ ತುಂಬಿಸಿ, ಹಾಯಿಯ ನೆರಳಿನಲ್ಲಿ ನಿಲ್ಲಿಸಿ, ಟ್ಯಾಂಕಿನಲ್ಲಿ ಉಳಿದಿದ್ದನ್ನೆಲ್ಲ ಬಕೆಟ್ಟಿಗೆ ಬಗ್ಗಿಸಿದರು.

“ಈಗ ಅರ್ಧ ಗಂಟೆ ಯಾರೂ ಅಲುಗಾಡ್ಬಾರ್ದು.”

ಯಾರೂ ಅಲುಗಾಡಲಿಲ್ಲ. ನಿಧಾನಕ್ಕೆ ಪ್ರತಿ ಬಾಟಲಿಯ ತಳದಲ್ಲಿ ಎರಡು ಬೆರಳಷ್ಟು ಬೆಳ್ಳಗಿನ ದ್ರವ ಕೂತಿತು. ಮೇಲಿನದು ತಿಳಿಯಾಯಿತು. ಗಂಗರತ್ನಮ್ಮ ಉಸಿರು ಬಿಗಿಹಿಡಿದು, ತಳ ಕದಡದಂತೆ, ಮೇಲಿನದನ್ನಷ್ಟೇ ಟ್ಯಾಂಕಿಗೆ ಬಗ್ಗಿಸಿದರು. ಕಾರ್ಬುರೇಟರಿನ ಕೆಳಗಿನ ತಿರುಪನ್ನು ಆತಿಫ್‌ನ ಚಾಕುವಿನಿಂದ ಸಡಿಲಿಸಿ ಅದರೊಳಗಿನ ನೀರನ್ನೂ ಇಳಿಸಿದರು. ಎಲ್ಲಿ ಏನಿದೆಯೆಂದು ಬೈರಣ್ಣ ಎಷ್ಟು ಸಲ ಹೇಳಿದ್ದರೋ, ಕೈ ತಾನಾಗಿ ಹೋಗುತ್ತಿತ್ತು. ಏಳನೆಯ ಸಲ ಹಗ್ಗ ಎಳೆದಾಗ ಮೋಟಾರು ಹೊಗೆ ಉಗುಳಿ ಹತ್ತಿಕೊಂಡಿತು.

ಹತ್ತು ಗಜಕ್ಕೊಮ್ಮೆ ಬೇರುಗಳು ನೀರೊಳಗೆ ತಿರುಗುವ ಮೋಟಾರಿನ ರೆಕ್ಕೆಗೆ ಸುತ್ತಿಕೊಳ್ಳುತ್ತಿದ್ದವು. ಆತಿಫ್ ಪ್ರತಿ ಸಲವೂ ಮೋಟಾರು ನಿಲ್ಲಿಸಿ, ಮೇಲಕ್ಕೆತ್ತಿ, ಚಾಕುವಿನಿಂದ ಕೊಯ್ದು ಬಿಡಿಸಿದ. ದಡ ಮುಟ್ಟಿದಾಗ ನಾಲ್ಕು ಗಂಟೆ ದಾಟಿತ್ತು. ಸಂಗಪ್ಪನ ಜೊತೆ ಕ್ಲಬ್ಬಿನ ಏಳೆಂಟು ಮಂದಿ ನಿಂತಿದ್ದರು. ಮೊದಲು ಇಳಿದವನು ಅನಂತರಾಜು.

“ಏನಿಲ್ಲ, ಅಕ್ಕ ಪೆಟ್ರೋಲ್ ಸೋಸೋದು ಮರ್ತುಬಿಟ್ಟಿದ್ರು. ವಯಸ್ಸಾಯ್ತಲ್ಲ, ಪರ್ವಾಗಿಲ್ಲ” ಅಂದ.

ಗಂಗರತ್ನಮ್ಮನಿಗೆ ಅದು ಕೇಳಿಸಿತು. ಆದರೆ ನಿಂತು ಉತ್ತರ ಕೊಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಜಾಕೆಟ್ಟನ್ನೂ ಬಿಚ್ಚದೆ ಬಚ್ಚಲಿಗೆ ಓಡಿದರು. ವಾಪಸ್ಸು ಬರುವಷ್ಟರಲ್ಲಿ ಎಲ್ಲರೂ ಕಾಫಿ ಕುಡಿದು ಬೇರೆ ಮಾತಿಗೆ ಹೋಗಿದ್ದರು. ಆತಿಫ್ ತಲೆ ಬಗ್ಗಿಸಿ ಹಗ್ಗ ಸುತ್ತುತ್ತಿದ್ದ.

ಎರಡು ದಿನ ಬಿಟ್ಟು ಆತಿಫ್ ಪೆಟ್ರೋಲ್ ಕೋಣೆಗೆ ಬಂದು ಬಾಗಿಲಲ್ಲಿ ನಿಂತ. “ತಪ್ಪಾಯ್ತು ಅಮ್ಮಾ. ನಾನು ಅವತ್ತು ಬಾಯಿ ಬಿಡ್ಬೇಕಿತ್ತು.”

“ನೀನೂ ಅವನ ಬಿಲ್ಡಿಂಗಲ್ಲೇ ಬಾಡಿಗೆಗೆ ಇದ್ದೀಯಲ್ಲಪ್ಪ. ಏನಂತ ಬಾಯಿ ಬಿಡ್ತೀಯ?” ಅಂದರು. ಕೋಪದಿಂದ ಹೇಳಿದ್ದಲ್ಲ.

ಆ ರಾತ್ರಿಗಳಲ್ಲಿ ಅವರು ಯೋಚಿಸಿದ್ದುಂಟು, ಬಿಟ್ಟುಹೋಗೋಣವೆಂದು. ಹೋಗುವುದೆಲ್ಲಿಗೆ? ಮಗಳದು ಎರಡೇ ಕೋಣೆಯ ಮನೆ, ಅವಳ ಅತ್ತೆಯೂ ಅಲ್ಲೇ. ಹುಣಸಮಾರನಹಳ್ಳಿಯಲ್ಲಿ ತಂದೆಯ ಮನೆ ಇದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ.

ತಂಡ ಬರುವ ದಿನ ಬೆಳಿಗ್ಗೆ ಡ್ರೈವರು ಮತ್ತೆ ಹೊಸ ಕ್ಯಾನು ತಂದ. ಗಂಗರತ್ನಮ್ಮ ಒಂದಿಷ್ಟನ್ನು ಜಾಡಿಗೆ ಸುರಿದು, ಕ್ಯಾನನ್ನು ಒಳಗಿಟ್ಟು, ಬೀಗ ಹಾಕಿ, ಕೀಲಿಯನ್ನು ರವಿಕೆಯೊಳಗೆ ಸೇರಿಸಿದರು. ಹತ್ತಕ್ಕೆ ಅನಂತರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ.

“ಅಕ್ಕಾ, ಪೆಟ್ರೋಲು.”

“ನಾಳೆ.”

“ಅವರು ಬಂದ್ಬಿಟ್ಟಿದ್ದಾರೆ ಕಣಕ್ಕಾ!”

“ಬಂದಿರ್ಲಿ. ತಿಳಿಯಾಗ್ದೆ ಕೊಡಲ್ಲ. ಬೇಕಾದ್ರೆ ಬೀಗ ಒಡೆದು ತಗೋ, ನನ್ನ ಸಾಮಾನೂ ಆಚೆ ಹಾಕು.”

ಅವನು ಬಾಗಿಲನ್ನೂ ಅವರ ಮುಖವನ್ನೂ ನೋಡಿದ. ಹೊರಗೆ ಅತಿಥಿಗಳ ಮಾತು ಕೇಳಿಸುತ್ತಿತ್ತು. ತಿರುಗಿ ಹೋದ. ಮೋಟಾರು ಸರ್ವೀಸಿಗೆ ಹೋಗಿದೆಯೆಂದು ಅತಿಥಿಗಳಿಗೆ ಹೇಳಿದನಂತೆ. ಆವತ್ತು ಗಾಳಿ ಚೆನ್ನಾಗಿತ್ತು, ದೋಣಿ ಹಾಯಿಯಲ್ಲೇ ಹೋಗಿ ಹಾಯಿಯಲ್ಲೇ ಬಂತು.

ಅದಾಗಿ ಮೂರು ತಿಂಗಳು. ಅವನು ಅವರನ್ನು ಕೆಲಸದಿಂದ ಬಿಡಿಸಿಲ್ಲ, ಮಾತೂ ಆಡಿಸಿಲ್ಲ. ಕ್ಯಾನು ಬರುತ್ತದೆ, ಒಂದು ದಿನ ಕಾಯುತ್ತದೆ, ಸಂಗಪ್ಪ ಬಂದು ಕೇಳಿ ತೆಗೆದುಕೊಂಡು ಹೋಗುತ್ತಾನೆ. ಗೇಟಿನ ಬಳಿ ಅನಂತರಾಜುವಿನ ಕಾರು ನಿಂತ ಸದ್ದಾದಾಗಲೆಲ್ಲ ಗಂಗರತ್ನಮ್ಮನ ಕೈಯಲ್ಲಿನ ಕೆಲಸ ನಿಲ್ಲುತ್ತದೆ. ಹೆಜ್ಜೆಗಳು ಕ್ಲಬ್ಬಿನ ಕಡೆ ಹೋದವೋ, ತಮ್ಮ ಸಾಮಾನಿರುವ ಹಿಂದಿನ ರೂಮಿನ ಕಡೆ ಬಂದವೋ ಎಂದು ಕಿವಿಗೊಟ್ಟು, ಆಮೇಲೆ ಮತ್ತೆ ಸೋಸತೊಡಗುತ್ತಾರೆ.