ನಡುವಿನಲ್ಲಿ ನಿಂತ ಕಪ್ಪು

ಮೊನ್ನೆ ಅಟ್ಟದ ಮೇಲಿನ ಡಬ್ಬಿಯ ಮುಚ್ಚಳ ತೆಗೆದಾಗ ಕನ್ನಡಿ ಉಜ್ಜಲು ಬಳಸಿದ್ದ ರಾಳದ ವಾಸನೆ ಮೂಗಿಗೆ ಬಡಿಯಿತು. ಒಳಗೆ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಮೊಟ್ಟೆಯಾಕಾರದ ಕನ್ನಡಿ. ಗುಂಡ್ಲುಪೇಟೆಯ ಕನ್ನಡಿ ಅಂಗಡಿಯ ಅಣ್ಣ ಕೊಯ್ದದ್ದು...

ತೊಂಬತ್ತರ ದಶಕದ ಆರಂಭ. ನಾನಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಊರೆಲ್ಲ ಅಣ್ಣ ಎಂದೇ ಕರೆಯುತ್ತಿದ್ದ, ನನಗಿಂತ ತುಂಬ ಹಿರಿಯರಾದ ಆ ಅಂಗಡಿಯವರನ್ನೂ ಎಳೆದುಕೊಂಡು ಟೆಲಿಸ್ಕೋಪ್ ಮಾಡುವ ಹುಚ್ಚು ಹಚ್ಚಿಕೊಂಡಿದ್ದೆ. ಕೊಳವೆಯ ತಳದಲ್ಲಿ ನಾವೇ ಉಜ್ಜಿದ ದೊಡ್ಡ ಕನ್ನಡಿ. ಅದು ಕೂಡಿಸಿದ ಬೆಳಕನ್ನು ಪಕ್ಕದ ಮಸೂರಕ್ಕೆ ತಿರುಗಿಸಲು ಬಾಯಿಯ ಹತ್ತಿರ ಓರೆಯಾಗಿ ಇನ್ನೊಂದು. ಎರಡನೆಯದು ಚಿಕ್ಕದಿರಲಿ ಎಂದು ಬಡಕೊಂಡೆ. ಬೆಳಕು ಪೋಲಾಗಬಾರದೆಂದು ಅಣ್ಣ ಅಂಗೈಯಗಲ ಕೊಯ್ದರು. ಅದೇ ಬೆಳಕಿಗೆ ಅಡ್ಡ ನಿಂತು, ಗುರುಗ್ರಹದ ಪಟ್ಟೆಗಳೆಲ್ಲ ನೀರು ಬಿದ್ದ ಶಾಯಿಯಂತೆ ಕಲಸಿಹೋದವು.

ಅಣ್ಣನಿಗೆ ಗುರುವೂ ಬೇಕಿರಲಿಲ್ಲ, ಶನಿಯೂ ಬೇಕಿರಲಿಲ್ಲ. ಬಿದಿರಿಗೆಂದು ಗುಂಡ್ಲುಪೇಟೆಗೆ ಹತ್ತಿರದ ಮದ್ದೂರು ಕಡೆಯ ಕಾಡಿಗೆ ಹೋದ ಅವರ ತಮ್ಮ ಮರಳಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ. ಒಂದು ಮಟಮಟ ಮಧ್ಯಾಹ್ನ ಅಂಗಡಿಯ ತಾರಸಿಯಿಂದ ಆ ಗುಡ್ಡಗಳ ಕಡೆಗೆ ಕೊಳವೆ ತಿರುಗಿಸಿದರು. ಅದರಲ್ಲಿ ಎಲ್ಲವೂ ತಲೆಕೆಳಗು. ಕಾಡು ಆಕಾಶಕ್ಕೆ ಜೋತುಬಿದ್ದಿತ್ತು. ಅಣ್ಣ ಬಹಳ ಹೊತ್ತು ಮಸೂರದಿಂದ ಕಣ್ಣು ಕೀಳಲಿಲ್ಲ.

"ಮೇಷ್ಟ್ರೇ, ನನ್ ತಮ್ಮ ಅಲ್ ನಿಂತವ್ನೆ. ಎತ್ಲಾಗ್ ತಿರುಗ್ಸುದ್ರೂ ನಡುಮಧ್ಯಕ್ಕೇ ಬತ್ತಾನೆ."

ಇಣುಕಿದೆ. ನಡುವೆ ಮಸುಕಾದೊಂದು ಕಪ್ಪು. ಅದು ಆ ಓರೆ ಕನ್ನಡಿಯದೇ ನೆರಳು, ಬಿಸಿಲಿಗೆ ಕಣ್ಣಿನ ಪಾಪೆ ಕಿರಿದಾದಾಗ ಎದ್ದು ಕಾಣುತ್ತದೆ ಎಂದು ವಿವರಿಸಿದೆ. ಸುಮ್ಮನಿರಲಾರದೆ ಪುಟ್ಟದೊಂದು ಕನ್ನಡಿ ಮಾಡಿಸಿ ಹಾಕಿಯೂ ತೋರಿಸಿದೆ. ಗುರುವಿನ ಪಟ್ಟೆಗಳು ಗೆರೆ ಎಳೆದಂತೆ ಬಿಡಿಬಿಡಿಯಾದವು. ಹಗಲಿನ ಗುಡ್ಡದಲ್ಲಿ ಕಪ್ಪು ಮಾಯವಾಗಿತ್ತು. ಅಣ್ಣನ ಮುಖ ನೋಡಲಾಗಲಿಲ್ಲ. ಹಳೆಯದನ್ನೇ ಹಾಕಿಕೊಡಿ ಎಂದರು, ಹಾಕಿಕೊಟ್ಟೆ.

ಚಾಮರಾಜನಗರಕ್ಕೆ ವರ್ಗವಾದ ಮೇಲೂ ಆಗಾಗ ಬಸ್ಸು ಹತ್ತಿ ಅವರನ್ನು ನೋಡಿಬರುತ್ತಿದ್ದೆ. ಹೋದಾಗಲೆಲ್ಲ ಒಂದೇ ಸುದ್ದಿ. ತಮ್ಮ ಹತ್ತಿರ ಬರುತ್ತಿದ್ದಾನೆ, ಹೋದ ವರ್ಷಕ್ಕಿಂತ ದೊಡ್ಡದಾಗಿ ಕಾಣುತ್ತಾನೆ. ವಯಸ್ಸಾದಂತೆ ಪಾಪೆ ಇನ್ನೂ ಕಿರಿದಾಗುತ್ತದೆ, ಆ ಕಿಂಡಿಗೆ ನೆರಳೇ ಹಿರಿದಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಮಸೂರ ಒರೆಸಿಕೊಟ್ಟು ಮರಳುತ್ತಿದ್ದೆ.

ಕೊನೆಯ ಸಲ ಹೋದಾಗ ಅಣ್ಣ ಹಾಸಿಗೆ ಹಿಡಿದಿದ್ದರು. ಟೆಲಿಸ್ಕೋಪು ಆಗಲೇ ಮೂಲೆ ಸೇರಿತ್ತು.

"ಬಂದ್ಬುಟ್ಟ ಮೇಷ್ಟ್ರೇ. ಬಾಗ್ಲಲ್ಲೇ ನಿಂತವ್ನೆ," ಎಂದರು.

ನಾನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ... ಅವರು ಹೋದ ಮೇಲೆ ಮನೆಯವರು ಟೆಲಿಸ್ಕೋಪನ್ನು ನನಗೇ ಒಪ್ಪಿಸಿದರು.

ಮೊನ್ನೆ ಅಣ್ಣ ಕೊಯ್ದ ಆ ಅಂಗೈಯಗಲದ ಓರೆ ಕನ್ನಡಿಯನ್ನೇ ಕೊಳವೆಗೆ ಸಿಕ್ಕಿಸಿ, ನಡುಹಗಲಲ್ಲಿ ದೂರದ ಗುಡ್ಡದ ಕಡೆ ತಿರುಗಿಸಿದೆ. ಅಣ್ಣನ ಆಗಿನ ವಯಸ್ಸು ಈಗ ನನ್ನದು. ನಡುವಿನಲ್ಲಿ ಕಪ್ಪು, ಅಂದು ನಾನು ಕಂಡದ್ದಕ್ಕಿಂತ ಎಷ್ಟೋ ಹಿರಿದು. ಕಾರಣ ಗೊತ್ತು, ನಾನೇ ಪಾಠ ಹೇಳಿದವನು. ಅಣ್ಣನಿಲ್ಲದ ಸಂಕಟ ಇಷ್ಟು ವರ್ಷಗಳ ಮೇಲೆ ಒಮ್ಮೆಗೇ ಎದ್ದುಬಂತು, ಆ ಕಪ್ಪಿನಿಂದ ಕಣ್ಣು ಕೀಳಲಾಗಲಿಲ್ಲ. ಪುಟ್ಟ ಕನ್ನಡಿಯೂ ಅದೇ ಡಬ್ಬಿಯಲ್ಲಿದೆ. ಅದನ್ನು ಹಾಕಿ ನೋಡಲು ಮನಸ್ಸಾಗಲಿಲ್ಲ.