ಗುಬ್ಬಿಗೆ ಮನೆ ನೋಡಿದ ಆಯಿ

ಆಯಿಯ ಬಲಗೈಯ ತೋರುಬೆರಳು ಗೆಣ್ಣಿನವರೆಗೆ ಕಪ್ಪಗಿತ್ತು. ನಿಪ್ಪಾಣಿಯ ತಂಬಾಕನ್ನು ಹಂಚಿನ ಮೇಲೆ ಸುಟ್ಟು, ಪುಡಿ ಮಾಡಿ, ಹೊತ್ತು ಹೊತ್ತಿಗೆ ಹಲ್ಲಿಗೆ ತಿಕ್ಕಿ ತಿಕ್ಕಿ ಹತ್ತಿದ ಮಿಸರಿಯ ಕಪ್ಪು ಅದು. ಯಾವ ಸಾಬೂನಿಗೂ ಬಗ್ಗುತ್ತಿರಲಿಲ್ಲ. ಮಿಸರಿ ಬಾಯಲ್ಲಿದ್ದಾಗ ಆಯಿ ಮಾತಾಡುತ್ತಿರಲಿಲ್ಲ, ಆ ಬೆರಳಿನಿಂದಲೇ ಹುಕುಂ ನಡೆಸುತ್ತಿದ್ದಳು. ಬೆರಳು ನನ್ನ ಸ್ಕೂಟರಿನ ಕಡೆ ತಿರುಗಿತೆಂದರೆ ಆ ಭಾನುವಾರ ನನ್ನದಲ್ಲ ಎಂದು ತಿಳಿಯಬೇಕು.

ಎಂಬತ್ತರ ದಶಕದ ಕೊನೆಯ ಮಾತು. ರಾಯಬಾಗದ ಹೈಸ್ಕೂಲಿಗೆ ಗಣಿತದ ಮಾಸ್ತರನಾಗಿ ಬಂದವನು ಆಯಿಯ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಓಣಿಯವರೆಲ್ಲ ಆಯಿ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಮಕ್ಕಳು ಯಾರೂ ಕಾಣುತ್ತಿರಲಿಲ್ಲ. ಊರಾಚೆಯ ಕಬ್ಬಿನ ಹೊಲವನ್ನು ಮೈದುನ ಮಾಡುತ್ತಿದ್ದ. ಆಯಿಗೆ ಉಳಿದದ್ದು ಮನೆ, ಮಿಸರಿ ಡಬ್ಬಿ, ಮತ್ತು ಬಾಡಿಗೆದಾರನ ತಲೆ ತಿನ್ನುವ ಹಕ್ಕು.

ಆ ವರ್ಷ ಕಬ್ಬಿನ ಹಂಗಾಮು ಮುಗಿದು, ಕಡಿಯಲು ಬಂದ ಗ್ಯಾಂಗಿನವರು ಗುಡಿಸಲು ಕಿತ್ತುಕೊಂಡು ತಮ್ಮ ಸೀಮೆಗೆ ಹೋದರು. ಹೋಗುವಾಗ ಗೂಟಕ್ಕೆ ಕಟ್ಟಿದ್ದ ಒಂದು ಸಣ್ಣ ನಾಯಿಯನ್ನು ಮರೆತರೋ, ಬೇಕೆಂದೇ ಬಿಟ್ಟರೋ ದೇವರೇ ಬಲ್ಲ. ಹೊಲಕ್ಕೆ ಹೋದ ಆಯಿ ಅದನ್ನು ಸೆರಗಿನಲ್ಲಿ ಸುತ್ತಿ ತಂದಳು. ಬೆನ್ನ ತುಂಬ ಬಡಿಗೆಯ ಬಾಸುಂಡೆ, ಕುತ್ತಿಗೆಯಲ್ಲಿ ಹಗ್ಗ ಕೊರೆದ ಗಾಯ. ರೊಟ್ಟಿ ಬುಟ್ಟಿಯಲ್ಲಿ ಮಲಗಿಸಿದರೆ ಇನ್ನೂ ಜಾಗ ಉಳಿಯುವಷ್ಟು ಪುಟ್ಟ ಹೆಣ್ಣು ನಾಯಿ. ಆಯಿ ಅದಕ್ಕೆ ಗುಬ್ಬಿ ಎಂದು ಹೆಸರಿಟ್ಟಳು. ನಾನು ಇಟ್ಟ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಗಾಯ ಮಾಯ್ದದ್ದೇ ತಡ, ಗುಬ್ಬಿಯ ಗುಣ ಹೊರಬಿತ್ತು. ಅದಕ್ಕೆ ಟೋಪಿ ಕಂಡರೆ ಆಗದು! ಬಿಳಿ ಟೋಪಿಯವನೊಬ್ಬ ಓಣಿಯ ತುದಿಯಲ್ಲಿ ಕಂಡರೂ ಸಾಕು, ಮೈಯೆಲ್ಲ ನಡುಗಿಸಿಕೊಂಡು, ಗಂಟಲು ಹರಿಯುವಂತೆ ಒದರುತ್ತ ಹಿಮ್ಮಡಿಗೆ ಹಾರುತ್ತಿತ್ತು. ಅದನ್ನು ಬಡಿದವನು ಟೋಪಿಯವನೇ ಇರಬೇಕು, ಒಪ್ಪೋಣ. ಆದರೆ ರಾಯಬಾಗದಲ್ಲಿ ಟೋಪಿ ಇಲ್ಲದ ಒಬ್ಬ ಮುದುಕನನ್ನು ತೋರಿಸಿರಿ ನೋಡೋಣ! ಹಾಲಿನವನಿಗೆ ಟೋಪಿ, ಕಟಿಂಗ್ ಮಾಡುವವನಿಗೆ ಟೋಪಿ, ನನ್ನನ್ನು ನೋಡಲು ಊರಿಂದ ಬಂದ ನನ್ನ ಅಪ್ಪನಿಗೂ ಟೋಪಿ. ಅಪ್ಪ ಒಂದು ಚಪ್ಪಲಿಯಲ್ಲೇ ಊರಿಗೆ ವಾಪಸು ಹೋದರು.

ಕಡೆಗೆ ಎದುರು ಮನೆಯ ಹಿರಿಯರ ಕಣಕಾಲಿಗೆ ಹಲ್ಲು ಊರಿತು. ಅವರ ಮಕ್ಕಳಿಬ್ಬರು ಬಂದು ಆಯಿಯ ಕಟ್ಟೆಯ ಮುಂದೆ ನಿಂತರು. ದೊಡ್ಡವನು ಹೇಳಿದ: "ಆಯೀ, ಅಮಾಸಿ ತನಕ ನೋಡ್ತೀವಿ. ಆಮ್ಯಾಲೂ ಇದು ಓಣ್ಯಾಗ ಇತ್ತಂದ್ರ ಉಂಡ್ಯಾಗ ಔಷಧ ಹಾಕಿ ಒಗಿತೀವಿ. ಬ್ಯಾಸರ ಮಾಡ್ಕೋಬ್ಯಾಡ್ರಿ." ಅದು ಬರೀ ಬೆದರಿಕೆಯಲ್ಲ. ಹಿಂದೊಂದು ನಾಯಿಗೆ ಅವರು ಉಂಡೆ ಹಾಕಿದ್ದನ್ನು ಓಣಿಯೇ ನೋಡಿತ್ತು.

ಆಯಿ ಬಾಯಿ ಮುಕ್ಕಳಿಸಿ ಬಂದಳು. "ಮಾಸ್ತರ, ಗುಬ್ಬಿಗೆ ಒಂದ ಮನಿ ನೋಡೂಣು. ಗಾಡಿ ತಗೀರಿ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿ ಹೋದರು. ಕಚ್ಚುವ ನಾಯಿಗೆ ಮನೆ ಹುಡುಕಿ ನೋಡು ಎನ್ನಲು ಯಾಕೆ ಮರೆತರೋ! ಆಯಿ ಸ್ಕೂಟರಿನ ಹಿಂದೆ ಒಂದೇ ಮಗ್ಗುಲಿಗೆ ಕೂರುವಳು, ತೊಡೆಯ ಮೇಲೆ ಬಿದಿರು ಬುಟ್ಟಿ, ಬುಟ್ಟಿಯ ಬಾಯಿಗೆ ಗೋಣಿತಟ್ಟು, ಒಳಗೆ ಗುಬ್ಬಿ. ದಾರಿಯಲ್ಲಿ ಕಂಡ ಒಂದೊಂದು ಟೋಪಿಗೂ ಬುಟ್ಟಿ ಒದರುತ್ತಿತ್ತು. ನನ್ನ ಶಾಲೆಯ ಹುಡುಗರು ಸೈಕಲ್ ನಿಲ್ಲಿಸಿ "ನಮಸ್ಕಾರ್ರಿ ಸರ್" ಎಂದು ಹಲ್ಲು ಬಿಡುತ್ತಿದ್ದರು.

ಮೊದಲು ಅಲಖನೂರ. ದೊಡ್ಡ ಮನೆ, ಟ್ರ್ಯಾಕ್ಟರು, ಕಬ್ಬು. ಯಜಮಾನರು ಉದಾರವಾಗಿ, "ಅಲ್ಲೆ ದನದ ಗ್ವಾದಲಿ ಕಡೆ ಕಟ್ಟಿ ಹೋಗ್ರಿ, ಬೊಗಳಾಕ ಒಂದ ಬೇಕಾಗಿತ್ತು," ಎಂದರು. ಕೆಲಸ ಆಯಿತು ಎಂದು ನಾನು ಕಿಕ್ ಹೊಡೆಯಲು ಎದ್ದೆ. ಆಯಿ ಏಳಲಿಲ್ಲ. ನೆಟ್ಟಗೆ ಅಡುಗೆ ಮನೆಗೆ ಹೋದಳು, ಹಿತ್ತಲಿಗೆ ಹೋದಳು, ದನ ಕುಡಿಯುವ ನೀರಿನಲ್ಲಿ ಕೈಯಾಡಿಸಿದಳು. ಬಳಿಕ ಒಲೆಯ ಮುಂದಿದ್ದ ಸೊಸೆಯನ್ನು, "ಊಟ ಆತೇನವಾ?" ಎಂದು ಕೇಳಿದಳು. ಆ ಹುಡುಗಿ ಏನೋ ಹೇಳಿದಳು. ಆಯಿ ಬುಟ್ಟಿ ಎತ್ತಿಕೊಂಡು ಹೊರಬಂದಳು.

"ಈ ಮನಿ ಬ್ಯಾಡ."

"ಯಾಕ್ರಿ ಆಯೀ? ಹಾಲು ಮೊಸರಿನ ಮನಿ!"

"ಊಟ ಆತೇನಂತ ಕೇಳಿದ್ರ ಆಕಿ ಮದ್ಲ ಅತ್ತಿ ಮಾರಿ ನೋಡಿದಳು. ಆಕಿದ ಹಿಂಗಾದ್ರ ನಾಯಿ ಏನ ಉಂಡೀತು?"

ಎರಡನೆಯ ಮನೆ ನನ್ನ ಶೋಧ. ಚಿಕ್ಕೋಡಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಪರಿಚಯದವರು, ಮನೆಯಲ್ಲಿ ಒಂದೇ ಒಂದು ಟೋಪಿ ಇಲ್ಲ. ನಾನು ಹೆಮ್ಮೆಯಿಂದ ಬೀಗಿದೆ. ಆಯಿಗೆ ಮನಸ್ಸಿರಲಿಲ್ಲ, "ಹುಡುಗೂರು ಭಾಳ ಅದಾವು" ಎಂದಳು. ಅಮಾವಾಸ್ಯೆ ಹತ್ತಿರ ಬರುತ್ತಿತ್ತೆಂದು ನಾನೇ ಒತ್ತಾಯ ಮಾಡಿದೆ, ಬಿಟ್ಟು ಬಂದೆವು. ಮರುದಿನ ಮಧ್ಯಾಹ್ನದ ಬಸ್ಸಿಗೇ ಗುಮಾಸ್ತರು ಬುಟ್ಟಿ ಸಮೇತ ಇಳಿದರು, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು. "ಮಾಸ್ತರ, ಇದು ನಾಯಿ ಅಲ್ಲರೀ, ಬಾಂಬು!" ನಾನು ಕೈಮುಗಿದು ಕ್ಷಮೆ ಕೇಳುತ್ತಿದ್ದರೆ ಆಯಿ ನಡುವೆ ಬಾಯಿ ಹಾಕಿ, "ಹುಡುಗೂರು ಬಾಲ ಜಗ್ಗುವಾಗ ನೀವ್ ಪೇಪರ್ ಓದಾಕತ್ತಿದ್ರೇನು?" ಎಂದು ಅವರನ್ನೇ ತರಾಟೆಗೆ ತೆಗೆದುಕೊಂಡಳು. ಆ ಮನುಷ್ಯ ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ಆಮೇಲೆ ಅಥಣಿಯ ದಾರಿಯ ಒಂದು ದ್ರಾಕ್ಷಿ ತೋಟ. ಅಲ್ಲಿ ಕಾವಲುಗಾರನ ಕೈಯಲ್ಲಿ ಬಡಿಗೆ ಇತ್ತು, ಬೇಡ. ನಿಪ್ಪಾಣಿಯಲ್ಲಿ ಮೂಟೆ ಒಟ್ಟಿದ ಒಂದು ತಂಬಾಕಿನ ವಖಾರಿ. ಅಲ್ಲಿ ಗುಬ್ಬಿ ಸೀನುತ್ತದೆ, ಬೇಡ! ದಿನವಿಡೀ ಮಿಸರಿ ತಿಕ್ಕುವವಳು ಹೇಳುವ ಮಾತೇ ಇದು? ವಾಪಸು ಬರುವಾಗ ಟಾಯರು ಪಂಕ್ಚರಾಯಿತು. ಸುಡುವ ಬಿಸಿಲು, ಸುತ್ತ ಕಬ್ಬು, ಬುಟ್ಟಿಯಲ್ಲಿ ಕುಂಯ್‌ಗುಟ್ಟುವ ನಾಯಿ. ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ಆಯೀ, ಅದೊಂದು ನಾಯಿ! ಎಲ್ಲೋ ಒಂದ ಕಡೆ ಬಿಟ್ಟ ಬರೂದು ಬಿಟ್ಟು ಅತ್ತಿ ಮಾರಿ, ಸೊಸಿ ಮಾರಿ ನೋಡಾಕತ್ತೀರಲ್ಲ, ಮಗಳ ಮದವಿ ಮಾಡಾಕತ್ತೀರೇನು?"

ಆಯಿ ಬೇವಿನ ಮರದ ಬುಡದಲ್ಲಿ ಬುಟ್ಟಿ ಇಳಿಸಿದಳು.

"ಮಗಳ ಮದವಿ ನಾ ಎಲ್ಲಿ ಮಾಡಿದ್ನಿ, ಮಾಸ್ತರ? ಮೈದುನ, ಅವರ ಮಂದಿ ಹೋಗಿ ಮನಿ ನೋಡಿ ಬಂದ್ರು. ನಾನೂ ಬರ್ತೀನಿ ಅಂದ್ನಿ. ಗಂಡ ಸತ್ತಾಕಿ ಶುಭಕಾರ್ಯಕ್ಕ ಅಡ್ಡ ಬರಬಾರದು ಅಂದ್ರು. ತ್ವಾಟ ಐತಿ, ಬಾವಿ ಐತಿ, ಅನುಕೂಲಸ್ತರು ಅಂದ್ರು. ಉಡಿ ತುಂಬಿ ಕಳಸೂ ಹೊತ್ತಿನಾಗ ನನ್ನ ಒಳಗ ಕುಂಡ್ರಿಸಿ ಬಾಗಲಾ ಹಾಕ್ಕೊಂಡ್ರು. ಆಕಿ ಹೋಗೂದನ್ನೂ ನಾ ನೋಡ್ಲಿಲ್ಲ." ಬುಟ್ಟಿಯ ಗೋಣಿತಟ್ಟನ್ನು ಸರಿಮಾಡುತ್ತ ಹೇಳಿದಳು: "ವರ್ಷ ತುಂಬೂದ್ರಾಗ ಅದ ಬಾವ್ಯಾಗ ಸಿಕ್ಕಳು. ಒಂದ ಸಲ ಆ ಅಡಿಗಿ ಮನ್ಯಾಗ ಹೊಕ್ಕ ಬಂದಿದ್ರ ನನಗ ತಿಳೀತಿತ್ರಿ."

ಆಯಿಗೊಬ್ಬ ಮಗಳಿದ್ದಳೆಂದು ನನಗೆ ಗೊತ್ತಾದದ್ದೇ ಆಗ. ಎದ್ದು ಸ್ಟೆಪ್ನಿ ಬಿಚ್ಚತೊಡಗಿದೆ.

ಅಮಾವಾಸ್ಯೆಯ ಹಿಂದಿನ ದಿನ ಶಾಲೆಗೆ ರಜೆ ಹಾಕಿದೆ. ಓಣಿಗೆ ಬರುವ ಬಳೆಗಾರ್ತಿ ಶೇಡಬಾಳದ ಒಂದು ಮನೆ ಹೇಳಿದ್ದಳು. ಹೊಳೆ ದಾಟಿ ಹೋದೆವು. ಊರ ಹೊರಗೆ ತೋಟದ ಮನೆ. ಜೈನ ದಂಪತಿಗಳು, ಮಕ್ಕಳಿಲ್ಲ. ಆ ಹೆಣ್ಣುಮಗಳು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಬುಟ್ಟಿ ತೆರೆದ ಕೂಡಲೇ ಗುಬ್ಬಿ ನೆಗೆದು ಹಗ್ಗದ ಹೊರಸಿನ ಕೆಳಗೆ ತೂರಿ, ಅಲ್ಲಿಂದಲೇ ಮನೆ ಹಾರಿಹೋಗುವಂತೆ ಒದರಿತು. ಅವಳು ಏಳಲಿಲ್ಲ, ಪುಚಕಾರಿಸಲಿಲ್ಲ. ಅದಕ್ಕೆ ಬೆನ್ನು ಹಾಕಿ ಕೂತು ಸುಲಿಯುವುದನ್ನು ಮುಂದುವರಿಸಿದಳು.

"ಅಂಜೇತ್ರಿ. ಯಾರೂ ಅದರ ಕಡೆ ನೋಡಬ್ಯಾಡ್ರಿ, ತಾನ ಬರತೈತಿ."

ಅಷ್ಟರಲ್ಲಿ ಹೊಲದಿಂದ ಗಂಡ ಬಂದ. ತಲೆಯ ಮೇಲೆ ಟೋಪಿ! ಗುಬ್ಬಿಗೆ ಹುಚ್ಚೇ ಹಿಡಿಯಿತು. ಬಳೆಗಾರ್ತಿ ಎಲ್ಲ ಹೇಳಿದ್ದಳೆಂದು ಕಾಣುತ್ತದೆ, ಹೆಂಡತಿ ಕೂತಲ್ಲಿಂದಲೇ "ಟೋಪಿ ತಗೀರಿ" ಎಂದಳು. ಆತ ಯಾಕೆಂದು ಕೇಳಲಿಲ್ಲ. ಟೋಪಿ ತೆಗೆದು ಹೊರಗಿನ ಗೂಟಕ್ಕೆ ಸಿಕ್ಕಿಸಿ, ಬೋಳುತಲೆಯಲ್ಲಿ ಒಳಗೆ ಬಂದು ನಮಗೆ ನೀರು ಕೊಟ್ಟ.

ಆಯಿಯ ಪರೀಕ್ಷೆ ಶುರುವಾಯಿತು. "ಊಟ ಎಷ್ಟೊತ್ತಿಗವಾ ನಿಮ್ಮಲ್ಲಿ?"

"ಹೊತ್ತ ಮುಳುಗೂದ್ರಾಗ ಮುಗಸ್ತೀವ್ರಿ. ನಾವು ಜೈನರು."

"ಇದಕ್ಕ ರಾತ್ರಿ ಹಸಿವ್ಯಾದ್ರ?"

"ಅದೇನ್ ಜೈನ ಅಲ್ಲಲ್ರಿ. ಅದರ ಪಾಲಿಂದು ರೊಟ್ಟಿ ತಗದ ಇಡ್ತೀನಿ."

ಆಯಿ ಮೊದಲ ಸಲ ನಕ್ಕಳು. ಹೊರಸಿನ ಕೆಳಗಿನ ಸದ್ದು ನಿಂತಿತ್ತು. ಗುಬ್ಬಿ ಗುರುಗುಡುತ್ತಲೇ ಹೊಟ್ಟೆ ಎಳೆದುಕೊಂಡು ಬಂದು ಅವಳ ಬೆನ್ನ ಹಿಂದೆ ಕೂತಿತು. ಅವಳು ತಿರುಗದೆಯೇ ಒಂದು ಶೇಂಗಾ ಬೀಜವನ್ನು ಹಿಂದಕ್ಕೆ ಉರುಳಿಸಿದಳು.

ಆಯಿ ಸೊಂಟದ ಗಂಟು ಬಿಚ್ಚಿದಳು. ಅಕ್ಕಿ, ಕೊಬ್ಬರಿ, ಅಡಿಕೆ, ಒಂದು ಕುಬಸದ ಖಣ. ಉಡಿಯ ಸಾಮಾನು! ಇಷ್ಟೂ ದಿನ ಪ್ರತಿ ಮನೆಗೂ ಇದನ್ನು ಕಟ್ಟಿಕೊಂಡೇ ಬಂದಿದ್ದಳೋ ಏನೋ, ನನಗೆ ತಿಳಿಯದು.

"ತಂಗೀ, ಯಾರರ ಮುತ್ತೈದಿನ್ನ ಕರಿ. ನಿನಗ ಉಡಿ ತುಂಬಲಿ. ಹೆಣ್ಣ ಕೊಡಾಕ ಬಂದೀನಿ."

"ತ್ವಾಟದಾಗ ಯಾರ ಅದಾರ್ರಿ ಆಯೀ? ನೀವ ತುಂಬ್ರಿ."

"ನಾ ತುಂಬಬಾರದವಾ."

"ಕೊಡೂದು ನಿಮ್ಮ ಮಗಳ್ನಲ್ರಿ? ನೀವ ತುಂಬದ ಇನ್ಯಾರ ತುಂಬಬೇಕು?" ಎಂದವಳೇ ಎದ್ದು ಸೆರಗು ಒಡ್ಡಿ ನಿಂತಳು.

ಆಯಿಯ ಕೈಯಿಂದ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಆದರೂ ಐದು ಸಲ ಬೊಗಸೆ ತುಂಬಿ ಹಾಕಿದಳು. ವಾಪಸು ಬರುವಾಗ ಶೇಡಬಾಳದಿಂದ ರಾಯಬಾಗದವರೆಗೂ ನನ್ನ ಬೆನ್ನ ಹಿಂದೆ ದನಿ ತೆಗೆದು ಅತ್ತಳು. ದಾರಿಯ ಜನ ನನ್ನನ್ನೇ ಕೆಕ್ಕರಿಸಿ ನೋಡಿದರು, ನಾನೇ ಏನೋ ಮಾಡಿದೆನೆಂಬಂತೆ. ನಡುವೆ ಅಳು ನಿಲ್ಲಿಸಿ, ತೆಗ್ಗು ನೋಡಿ ಗಾಡಿ ಹೊಡೆಯಲು ಬರುವುದಿಲ್ಲವೇ ಎಂದು ಬೈದಳು.

ಇಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದರೆ ಅದು ನನ್ನ ದಡ್ಡತನ. ಹೆಣ್ಣು ಕೊಟ್ಟ ಮೇಲೆ ಪಂಚಮಿಗೆ ತವರಿಗೆ ಕರೆಯಬೇಡವೇ? ಪ್ರತಿ ನಾಗರ ಪಂಚಮಿಗೆ ಶೇಡಬಾಳದಾಕೆ ಬುಟ್ಟಿ ಹೊತ್ತು ಬಸ್ಸಿಗೆ ಬರುವಳು, ಆಯಿ ಇಬ್ಬರಿಗೂ ಉಂಡಿ ಕಟ್ಟುವಳು, ಎದುರು ಮನೆಯವರು ಬಾಗಿಲು ಹಾಕಿಕೊಂಡು ಒಳಗೆ ಕೂರುವರು. ಬಸ್‌ಸ್ಟ್ಯಾಂಡಿಗೆ ಕರೆಯಲು ಹೋಗುವವನು ಯಾರೆಂದು ಬೇರೆ ಹೇಳಬೇಕೆ? ಒಂದು ಪಂಚಮಿಗೆ ಆ ಪಿಶಾಚಿ ನನ್ನ ಹೊಸ ಪ್ಯಾಂಟನ್ನೂ ಹರಿಯಿತು.

ತೊಂಬತ್ತರ ದಶಕದ ನಡುವೆ ನನಗೆ ಅಥಣಿಗೆ ವರ್ಗವಾಯಿತು. ಆಯಿ ಹೋದ ಸುದ್ದಿ ಅಲ್ಲಿಗೇ ಬಂತು. ನಾನು ಮುಟ್ಟುವ ಹೊತ್ತಿಗೆ ಕಟ್ಟೆಯ ಮೇಲೆ ಮೈದುನ ಮತ್ತು ಅವನ ಕಡೆಯವರು ಕೂತಿದ್ದರು. ಮುಂದಿನ ಏರ್ಪಾಟೆಲ್ಲ ಅವರದೇ. ಆ ಹೊತ್ತಿಗೆ ಶೇಡಬಾಳದ ಗಂಡ ಹೆಂಡತಿ ಓಣಿಯಲ್ಲಿ ಬಂದರು. ಮುದಿಯಾಗಿ ಕಣ್ಣು ಮಂಜಾಗಿದ್ದ ಗುಬ್ಬಿ ಆಕೆಯ ಕಂಕುಳಲ್ಲಿತ್ತು. ಆಕೆ ಬಾಗಿಲಲ್ಲೇ "ಅವ್ವಾ" ಎಂದು ಕುಸಿದಳು. ಗುಬ್ಬಿ ಕಟ್ಟೆಯ ಮೇಲಿದ್ದವರನ್ನೆಲ್ಲ ನೋಡಿ ಶಕ್ತಿಮೀರಿ ಒದರತೊಡಗಿತು.

ಮೈದುನ ಸಿಟ್ಟಿನಿಂದ ಎದ್ದು ಬಾಗಿಲಿಗೆ ಅಡ್ಡ ನಿಂತ. "ಯಾರ್ರಿ ಇವರು? ಹೆಣದ ಮುಂದ ನಾಯಿ ತಗೊಂಡ ಬಂದಾರ! ಏನ್ ಆಗ್ಬೇಕಿವರು ನಮಗ?"

"ಆಯಿ ಮಗಳ ಕೊಟ್ಟ ಮನಿಯವರ್ರಿ," ಎಂದೆ. "ಈ ಮನಿನ್ನ ಆಯಿ ತಾನ ಹೋಗಿ ನೋಡಿ ಬಂದಿದ್ದಳು."

ಅವನು ಬಾಗಿಲು ಬಿಟ್ಟು ಸರಿದು ನಿಂತ.