ಕೋವಿ ರಿಪೇರಿಯವರು

ಗುಂಡ್ಲುಪೇಟೆಯಲ್ಲಿ ನಮ್ಮ ನೆರೆಯವರು ಕೋವಿ ರಿಪೇರಿ ಮಾಡುತ್ತಿದ್ದರು. ಅಜ್ಜನ ಕಾಲದಲ್ಲಿ ಶಿಕಾರಿ ಕೋವಿಗಳನ್ನೇ ತಯಾರಿಸುತ್ತಿದ್ದ ಮನೆತನ. ನಳಿಗೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ನಮ್ಮನೆ ಕೆಲ್ಸ ಕೈ ಕೊಡಕಿಲ್ಲ ಕಣಪ್ಪ" ಎನ್ನುತ್ತಿದ್ದರು.

ಒಂದು ಮುಂಜಾನೆ ಹರವೆಯ ರೈತನೊಬ್ಬ ಜೋಳದ ಹೊಲದಲ್ಲಿ ಹಂದಿಯೆಂದು ತಿಳಿದು ಸ್ವಂತ ತಮ್ಮನನ್ನೇ ಕೋವಿಯಿಂದ ಹೊಡೆದು ಕೊಂದುಬಿಟ್ಟ. ಆ ಕೋವಿಯನ್ನು ಹಿಂದಿನ ವಾರ ಇವರೇ ರಿಪೇರಿ ಮಾಡಿಕೊಟ್ಟಿದ್ದರು.

"ನಿಮ್ದೇನು ತಪ್ಪು, ಬುಡಿ," ಎಂದೆ.

"ಕೆಟ್ಟು ಮೂಲೇಲಿತ್ತು ಕಣಪ್ಪ. ನಾನೇ ಸರಿ ಮಾಡ್ಬುಟ್ಟೆ."

ಮರುದಿನ ಚಾಮರಾಜನಗರಕ್ಕೆ ಹೋಗಿ, ಮೂರು ತಲೆಮಾರಿನ ಲೈಸೆನ್ಸನ್ನು ವಾಪಸು ಕೊಟ್ಟು, ಅಲ್ಲಿಂದ ನೇರ ಹರವೆಯ ಸಾವಿನ ಮನೆಗೆ ಹೋದರು. ಯಾರೋ ನೆಂಟರಿರಬೇಕೆಂದು ಸತ್ತವನ ತಾಯಿ ಮಜ್ಜಿಗೆ ಕೊಟ್ಟಳಂತೆ.

"ಬಿಸ್ಲಲ್ಲಿ ಬಂದಿದ್ದೀಯ, ಕುಡಿಯಪ್ಪ ಅಂದ್ಳು," ಎಂದರು ನನ್ನೆದುರು ಕೂತು. "ಕುಡ್ದು ಬಂದ್ಬುಟ್ಟೆ. ನಾನ್ಯಾರು ಅಂತ ಹೇಳಕಾಗ್ನಿಲ್ಲ."